ಮೂರು ಸಲ ಖಾಲಿಯಾದ ಜೇನುಪೆಟ್ಟಿಗೆ: ಋಣ ಕಡಿಮೆಯಾಗಿದ್ದಕ್ಕಲ್ಲ

ಪ್ರಶ್ನೆ: ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಗೆ ಬಂದು ನಾಲ್ಕು ವರ್ಷವಾಯಿತು. ವಯಸ್ಸು 64. ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ. ನನಗೆ ಬೆಳಗಿನ ಹೊತ್ತು ಕಳೆಯುವುದೇ ಕಷ್ಟವಾಗಿತ್ತು. ಎರಡು ವರ್ಷದ ಹಿಂದೆ ಮೂರು ತುಡುವೆ ಜೇನಿನ ಕುಟುಂಬ ತಂದು ಕೊಟ್ಟಿಗೆಯ ಹಿಂದೆ, ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟೆ. ಅಂದಿನಿಂದ ಬೆಳಿಗ್ಗೆ ಚಹಾ ಕುಡಿದವನೇ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡದಿದ್ದರೆ ಸಮಾಧಾನವಿರುತ್ತಿರಲಿಲ್ಲ. ಮೊದಲ ವರ್ಷ ಮೇ ಕೊನೆಯಲ್ಲಿ ಕೆಳಗಿನ ಕೋಣೆಯದೂ ಸೇರಿ ಜೇನುತುಪ್ಪ ತೆಗೆದೆ. ಆಗಸ್ಟ್‌ನಲ್ಲಿ ಒಂದು ಪೆಟ್ಟಿಗೆ ಪೂರ್ತಿ ಖಾಲಿ, ಎರಿಯ (ಮೇಣದ ಹಲ್ಲೆಯ) ತುಂಬ ಬಿಳಿ ಹುಳು ಮತ್ತು ಬಲೆ. ಡಿಸೆಂಬರ್‌ನಲ್ಲಿ ಎರಡನೆಯದರಿಂದ ಅರ್ಧ ಜೇನುನೊಣ ಎದ್ದು ಹಲಸಿನ ಮರದಲ್ಲಿ ಕೂತು ಹೋದವು. ಉಳಿದವು ಫೆಬ್ರವರಿ ಹೊತ್ತಿಗೆ ಕರಗಿದವು, ಕೊನೆಕೊನೆಗೆ ಬರೀ ದಪ್ಪ ಕಪ್ಪು ನೊಣಗಳೇ ಕಾಣುತ್ತಿದ್ದವು. ಮೂರನೆಯದು ಈ ಏಪ್ರಿಲ್‌ನಲ್ಲಿ ಹೋಯಿತು. ಅದಕ್ಕೂ ಮೊದಲು ಮರಿಗಳು ದೋಣಿಯ ಹಾಗೆ ತಲೆಯೆತ್ತಿ ಸತ್ತಿದ್ದವು. ಯಾರೋ ಹೇಳಿದರೆಂದು ಸಕ್ಕರೆ ಪಾಕದಲ್ಲಿ ಆಂಟಿಬಯೋಟಿಕ್ ಮಾತ್ರೆ ಹಾಕಿ ಕೊಟ್ಟೆ. ಊರಿನಲ್ಲಿ "ಜೇನಿಗೂ ಋಣ ಬೇಕು" ಎನ್ನುತ್ತಾರೆ. ಮಗ ಮೊಬೈಲ್ ಟವರಿನ ಮೇಲೆ ಹೇಳುತ್ತಾನೆ. ರಾಣಿಯ ರೆಕ್ಕೆ ಕತ್ತರಿಸಿದರೆ ನಿಲ್ಲುತ್ತದೆಂದು ಇನ್ನೊಬ್ಬರು ಹೇಳುತ್ತಾರೆ. ಮಾರ್ಚ್‌ನಲ್ಲಿ ನನ್ನ ಹೆಂಡತಿಯ ಕೈಗೆ ಒಂದು ನೊಣ ಕಚ್ಚಿ ತುಟಿ ಊದಿತು, ಹೊಟ್ಟೆಯ ಮೇಲೆ ದದ್ದು ಎದ್ದಿತು, ಸಂಜೆಗೆ ಇಳಿಯಿತು. ಮತ್ತೆ ಜೇನು ತರಲೇ, ಬಿಡಲೇ?

ಉತ್ತರ: ನೀವು ಕೊನೆಗೆ ಬರೆದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನಿಜವಾಗಿ ತುರ್ತಿನದು ಅದೊಂದೇ.

ಜೇನು ಕಚ್ಚಿದ ಜಾಗ ಊದುವುದು ಸಹಜ. ಕೈಗೆ ಕಚ್ಚಿದರೆ ಮೊಣಕೈವರೆಗೆ ಬಾವು ಬಂದರೂ, ಎರಡು ಮೂರು ದಿನ ಇದ್ದರೂ ಗಾಬರಿ ಬೇಡ. ಆದರೆ ಕಚ್ಚಿದ್ದು ಕೈಗೆ, ಊದಿದ್ದು ತುಟಿ, ದದ್ದು ಎದ್ದದ್ದು ಹೊಟ್ಟೆಯ ಮೇಲೆ ಎಂದರೆ ಇಡೀ ಮೈ ವಿಷಕ್ಕೆ ಪ್ರತಿಕ್ರಿಯೆ ತೋರಿದೆ ಎಂದು ಅರ್ಥ. ಇದು ಅಲರ್ಜಿ. ಸಂಜೆಗೆ ಇಳಿಯಿತು ಎಂದು ಬಿಡುವ ಹಾಗಿಲ್ಲ, ಮುಂದಿನ ಸಲ ಇದಕ್ಕಿಂತ ಜೋರಾಗಿ ಬರಬಹುದು. ಇನ್ನೊಂದು ಪೆಟ್ಟಿಗೆಯ ಯೋಚನೆ ಮಾಡುವ ಮೊದಲು ಅವರನ್ನು ಅಲರ್ಜಿ ಬಲ್ಲ ವೈದ್ಯರಿಗೆ ತೋರಿಸಿ. ಉಸಿರು ಕಟ್ಟುವುದು, ಗಂಟಲು ಬಿಗಿಯುವುದು, ವಾಂತಿ, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಹಚ್ಚುತ್ತಾ ಕೂರಬೇಡಿ. ಆಗ ಪ್ರಾಣ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು, ಅದು ನಿಮಿಷಗಳ ಲೆಕ್ಕದ ವಿಷಯ. ನಿಮ್ಮ ಊರಿನಿಂದ ಆ ಚುಚ್ಚುಮದ್ದು ಸಿಗುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನಕ್ಕೆ ಯಾರು ಒದಗುತ್ತಾರೆ ಎಂಬುದು ಈಗಲೇ ಗೊತ್ತಿರಲಿ. ನಿಮಗೂ ಒಂದು ಮಾತು: ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಲರ್ಜಿ ಬಂದಾಗ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಜೇನು ಸಾಕುತ್ತೀರೆಂದು ವೈದ್ಯರಿಗೆ ಹೇಳಿ.

ಇನ್ನು ಪೆಟ್ಟಿಗೆಗಳ ವಿಷಯ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಪೆಟ್ಟಿಗೆ ಖಾಲಿಯಾದದ್ದನ್ನು ನೀವು ಒಂದೇ ಸಾಲಿನ ದುರದೃಷ್ಟದಂತೆ ಬರೆದಿದ್ದೀರಿ. ಆದರೆ ನೀವೇ ಕೊಟ್ಟ ವಿವರಗಳ ಪ್ರಕಾರ ಮೂರಕ್ಕೂ ಬೇರೆ ಬೇರೆ ಕಾರಣ. ಇಷ್ಟು ಚೆನ್ನಾಗಿ ನೋಡಿ ನೆನಪಿಟ್ಟುಕೊಂಡವರಿಗೆ ಜೇನು ಒಲಿಯುವುದಿಲ್ಲ ಎಂದು ನಾನು ಒಪ್ಪುವುದಿಲ್ಲ.

ಆಗಸ್ಟ್‌ನಲ್ಲಿ ಹೋದದ್ದು ಹಸಿವಿನಿಂದ. ಮಲೆನಾಡಿನಲ್ಲಿ ತುಪ್ಪ ತುಂಬುವುದು ಫೆಬ್ರವರಿಯಿಂದ ಮೇವರೆಗೆ. ಮತ್ತಿ, ನೇರಳೆಯಂಥ ಮರಗಳು ಹೂ ಬಿಡುವಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೊಣ ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಹೋದರೂ ಮುಟ್ಟಿದರೆ ಮುನಿಯಂಥವುಗಳಿಂದ ಒಂದಿಷ್ಟು ಪರಾಗ ಸಿಕ್ಕೀತು, ಮಕರಂದ ಇಲ್ಲವೆನ್ನುವಷ್ಟು ಕಡಿಮೆ. ಆ ನಾಲ್ಕು ತಿಂಗಳಿಗೆಂದೇ ಅವು ಎರಿಯ ಮೇಲಂಚಿನಲ್ಲಿ ತುಪ್ಪ ಕೂಡಿಟ್ಟಿರುತ್ತವೆ. ನೀವು ಮೇ ಕೊನೆಯಲ್ಲಿ, ಅದೂ ಮರಿ ಬೆಳೆಸುವ ಕೆಳಗಿನ ಸಂಸಾರ ಕೋಣೆಯಿಂದ, ಅದನ್ನೇ ತೆಗೆದಿರಿ. ತುಪ್ಪ ತೆಗೆಯಬೇಕಾದದ್ದು ಮೇಲಿನ ತುಪ್ಪದ ಕೋಣೆಯಿಂದ ಮಾತ್ರ, ಅದೂ ಎರಿಯ ಕಣ್ಣುಗಳಲ್ಲಿ, ಅಂದರೆ ಸಣ್ಣ ಗೂಡುಗಳಲ್ಲಿ, ಮುಕ್ಕಾಲು ಪಾಲಿಗೆ ಮೇಣದ ಮುಚ್ಚಳ ಬಿದ್ದ ಮೇಲೆ. ಮೊದಲ ಮಳೆಗೆ ಎರಡು ವಾರ ಇರುವಾಗಲೇ ತೆಗೆಯುವುದನ್ನು ನಿಲ್ಲಿಸಬೇಕು.

ಬಿಳಿ ಹುಳು ಮತ್ತು ಬಲೆ ಮೇಣದ ಪತಂಗದ್ದು. ಅದು ಬಂದದ್ದರಿಂದ ಜೇನು ಓಡಿತು ಎಂದು ಹೆಚ್ಚಿನವರು ತಿಳಿಯುತ್ತಾರೆ. ಸಾಮಾನ್ಯವಾಗಿ ಆಗುವುದು ಹೀಗೆ: ಹಸಿವಿಗೆ ನೊಣಗಳ ಸಂಖ್ಯೆ ಇಳಿಯುತ್ತದೆ, ಏಳೆಂಟು ಎರಿಗಳಲ್ಲಿ ನಾಲ್ಕನ್ನು ಮಾತ್ರ ಅವು ಮುಚ್ಚಿ ಕೂರುತ್ತವೆ, ಕಾವಲಿಲ್ಲದ ಹಳೆಯ ಕಪ್ಪು ಎರಿಗಳಲ್ಲಿ ಪತಂಗ ಮೊಟ್ಟೆಯಿಡುತ್ತದೆ. ಅಡಿಮಣೆಯ ಮೇಲೆ ಬಿದ್ದ ಮೇಣದ ಪುಡಿಯಲ್ಲಿ ಅದರ ಹುಳು ಸಲೀಸಾಗಿ ಬೆಳೆಯುತ್ತದೆ. ನಮ್ಮ ತುಡುವೆ ಜೇನು ಯುರೋಪಿನ ಜೇನಿನ ಹಾಗೆ ನಿಂತು ಹೋರಾಡುವ ಜಾತಿಯಲ್ಲ. ಊಟವಿಲ್ಲ, ಮನೆ ಕೊಳಕಾಯಿತು ಎಂದರೆ ರಾಣಿ ಮೊಟ್ಟೆಯಿಡುವುದು ನಿಲ್ಲುತ್ತದೆ, ಇರುವ ಮರಿಗಳು ಹೊರಬರುವವರೆಗೆ ಕಾಯುತ್ತವೆ, ಉಳಿದ ತುಪ್ಪ ಹೊಟ್ಟೆಗೆ ತುಂಬಿಕೊಂಡು ಒಂದು ಬಿಸಿಲು ಬಿದ್ದ ಮಧ್ಯಾಹ್ನ ಎಲ್ಲವೂ ಎದ್ದು ಹೋಗುತ್ತವೆ. ಇದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ, ಅಂದರೆ ನಿಮಗೂ ಅಷ್ಟು ಸಮಯ ಇರುತ್ತದೆ.

ಮಳೆಗಾಲದ ಊಟ ಹೀಗೆ ಕೊಡಿ. ಒಂದು ಲೀಟರ್ ನೀರು ಕುದಿಸಿ ಇಳಿಸಿ, ಒಂದು ಕಿಲೋ ಬಿಳಿ ಸಕ್ಕರೆ ಕರಗಿಸಿ, ಪೂರ್ತಿ ಆರಿಸಿ. ಸಕ್ಕರೆ ಹಾಕಿದ ಮೇಲೆ ಒಲೆಯ ಮೇಲೆ ಬೇಡ, ತಳ ಹಿಡಿದು ಕಂದಿದ ಪಾಕ ಅವಕ್ಕೆ ಒಗ್ಗುವುದಿಲ್ಲ. ಬೆಲ್ಲವಂತೂ ಕೊಡಲೇಬೇಡಿ, ಭೇದಿಯಾಗುತ್ತದೆ. ಒಂದು ಕುಟುಂಬಕ್ಕೆ ಸಲಕ್ಕೆ 200–250 ಮಿಲಿ, ವಾರಕ್ಕೆ ಎರಡು ಸಲ, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೆ. ತೆಂಗಿನ ಗರಟೆಯಲ್ಲಿಟ್ಟರೆ ಮೇಲೆ ನಾಲ್ಕು ಕಡ್ಡಿ ಹಾಕಿ, ಇಲ್ಲದಿದ್ದರೆ ನೊಣ ಮುಳುಗಿ ಸಾಯುತ್ತವೆ. ಬೆಳಿಗ್ಗೆ ಉಳಿದದ್ದನ್ನು ತೆಗೆದುಬಿಡಿ, ಹುಳಿಯಾಗುತ್ತದೆ. ಒಂದು ಪೆಟ್ಟಿಗೆಗೆ ಕೊಟ್ಟರೆ ಎಲ್ಲಕ್ಕೂ ಅದೇ ಸಂಜೆ ಕೊಡಿ, ಹೊರಗೆ ಒಂದು ಹನಿ ಚೆಲ್ಲಬೇಡಿ. ಬಲವಾದ ಕುಟುಂಬ ದುರ್ಬಲ ಕುಟುಂಬವನ್ನು ದೋಚಲು ಆ ಒಂದು ಹನಿಯ ವಾಸನೆ ಸಾಕು. ಬಾಗಿಲನ್ನು ಎರಡು ನೊಣ ಓಡಾಡುವಷ್ಟು ಕಿರಿದು ಮಾಡಿ. ನೊಣ ಮುಚ್ಚದ ಎರಿಗಳನ್ನು ಹೊರತೆಗೆದು, ಉಳಿದವನ್ನು ಒತ್ತಟ್ಟಿಗೆ ಸರಿಸಿ, ಪಕ್ಕಕ್ಕೆ ಒಂದು ಅಡ್ಡ ಹಲಗೆ ಕೊಡಿ. ತೆಗೆದ ಒಳ್ಳೆಯ ಎರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ದಿನ ಇಟ್ಟರೆ ಪತಂಗದ ಮೊಟ್ಟೆಯೂ ಸಾಯುತ್ತದೆ; ಚೀಲ ಬಿಚ್ಚದೆ ಎತ್ತಿಡಿ. ಕಪ್ಪಾದದ್ದನ್ನು ಕರಗಿಸಿ ಮೇಣ ಮಾಡಿ. ಹೂವಿನ ಕಾಲ ಶುರುವಾಗುವ ಮೊದಲೇ ಪಾಕ ನಿಲ್ಲಿಸಿ, ಆಮೇಲಷ್ಟೇ ತುಪ್ಪದ ಕೋಣೆ ಏರಿಸಿ. ಇಲ್ಲವಾದರೆ ನೀವು ತೆಗೆಯುವುದು ನಿಮ್ಮದೇ ಸಕ್ಕರೆ.

ಡಿಸೆಂಬರ್‌ನದು ಪರಾರಿಯೇ ಅಲ್ಲ, ಕುಟುಂಬ ಪಾಲಾದದ್ದು. ಮಳೆ ನಿಂತು ಹೂ ಬಂದಾಗ ಬಲವಾದ ಕುಟುಂಬ ಹೊಸ ರಾಣಿಗೆಂದು ಎರಿಯ ಕೆಳಅಂಚಿನಲ್ಲಿ ಶೇಂಗಾಕಾಯಿಯಂಥ ಕೋಶ ಕಟ್ಟುತ್ತದೆ, ಹಳೆಯ ರಾಣಿ ಅರ್ಧ ನೊಣಗಳೊಂದಿಗೆ ಎದ್ದು ಹತ್ತಿರದ ಕೊಂಬೆಗೆ ಬರುತ್ತದೆ. ಹಲಸಿನ ಮರದ ಗೊಂಚಲನ್ನು ಆ ಒಂದೆರಡು ತಾಸಿನಲ್ಲಿ ಹಿಡಿದು ಖಾಲಿ ಪೆಟ್ಟಿಗೆಗೆ ಹಾಕಿದ್ದರೆ ನಿಮಗೆ ಇನ್ನೊಂದು ಕುಟುಂಬ ಆಗುತ್ತಿತ್ತು. ಉಳಿದ ಅರ್ಧಕ್ಕೆ ಏನಾಯಿತು? ಹೊಸ ರಾಣಿ ಕೋಶದಿಂದ ಬಂದು ಸುಮಾರು ಒಂದು ವಾರದಲ್ಲಿ ಹೊರಗೆ ಹಾರಿ ಗಂಡು ನೊಣಗಳೊಂದಿಗೆ ಕೂಡಿ ಬರಬೇಕು. ಆ ಹಾರಾಟದಲ್ಲಿ ಹಕ್ಕಿಗೋ ಕಣಜಕ್ಕೋ ಸಿಕ್ಕರೆ ಕುಟುಂಬಕ್ಕೆ ರಾಣಿಯಿಲ್ಲ, ಹೊಸ ರಾಣಿ ಮಾಡಲು ಎಳೆಯ ಮರಿಯೂ ಇಲ್ಲ. ಆಗ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುತ್ತವೆ, ಒಂದೊಂದು ಕಣ್ಣಿನಲ್ಲಿ ಮೂರು ನಾಲ್ಕು. ಅವುಗಳಿಂದ ಹುಟ್ಟುವುದು ಗಂಡು ನೊಣ ಮಾತ್ರ. ನೀವು ಕೊನೆಯಲ್ಲಿ ಕಂಡ ದಪ್ಪ ಕಪ್ಪು ನೊಣಗಳು ಇವೇ. ಪಾಲಾಗಿ ಮೂರು ವಾರದೊಳಗೆ ಕಣ್ಣಿಗೊಂದೇ ಮೊಟ್ಟೆ ಕಾಣದಿದ್ದರೆ ಬೇರೆ ಕುಟುಂಬದಿಂದ ಮೊಟ್ಟೆ ಮತ್ತು ಎಳೆ ಮರಿಯಿರುವ ಒಂದು ಎರಿ ಕೊಡಬೇಕು. ಈ ಒಂದು ಕಾರಣಕ್ಕೆ ನಾವು ಯಾರಿಗೂ ಒಂಟಿ ಪೆಟ್ಟಿಗೆ ಇಡಿ ಎಂದು ಹೇಳುವುದಿಲ್ಲ, ಕನಿಷ್ಠ ಎರಡು ಇರಬೇಕು.

ಏಪ್ರಿಲ್‌ನಲ್ಲಿ ನೀವು ಕಂಡದ್ದು ರೋಗ. ಮರಿ ಬೆನ್ನಿನ ಮೇಲೆ ನೀಟಾಗಿ ಮಲಗಿ, ತಲೆ ಮೇಲಕ್ಕೆ ಬಾಗಿ ದೋಣಿಯಂತಾಗುವುದು, ಚಿಮುಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವುದು, ಕೆಟ್ಟ ವಾಸನೆ ಇಲ್ಲದಿರುವುದು ಥಾಯ್ ಸ್ಯಾಕ್‌ಬ್ರೂಡ್ ರೋಗದ ಗುರುತು. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ ರೋಗ ಇದೇ; ಕೊಡಗು, ದಕ್ಷಿಣ ಕನ್ನಡಗಳ ಹಳೆಯ ಜೇನುಗಾರರು ಇಂದಿಗೂ ಆ ವರ್ಷಗಳನ್ನು ನೆನೆಯುತ್ತಾರೆ. ಇದು ವೈರಸ್ಸಿನಿಂದ ಬರುವುದರಿಂದ ಆಂಟಿಬಯೋಟಿಕ್ ಇದರ ಮೇಲೆ ಕೆಲಸ ಮಾಡುವುದೇ ಇಲ್ಲ. ತುಪ್ಪಕ್ಕೆ ಸೇರಿ ತಿನ್ನುವವರ ಹೊಟ್ಟೆಗೆ ಹೋಗುವುದಷ್ಟೇ ಅದರ ಫಲ. ಆ ಪೆಟ್ಟಿಗೆಯಲ್ಲಿ ಉಳಿದ ತುಪ್ಪವನ್ನು ತಿನ್ನಬೇಡಿ, ಮುಂದೆ ಜೇನಿಗೂ ಕೊಡಬೇಡಿ.

ಔಷಧಿ ಇಲ್ಲವೆಂದರೆ ಉಪಾಯವೂ ಇಲ್ಲ ಎಂದಲ್ಲ. ವೈರಸ್ಸು ಬೆಳೆಯುವುದು ಮರಿಗಳಲ್ಲಿ. ರಾಣಿಯನ್ನು ಎರಡು ಮೂರು ವಾರ ಪಂಜರದಲ್ಲಿಟ್ಟರೆ ಹೊಸ ಮರಿ ಇರುವುದಿಲ್ಲ. ಅಷ್ಟರಲ್ಲಿ ನೊಣಗಳು ಸತ್ತದ್ದನ್ನೆಲ್ಲ ಎತ್ತಿ ಹಾಕಿ ಕಣ್ಣುಗಳನ್ನು ಚೊಕ್ಕ ಮಾಡುತ್ತವೆ. ಅಥವಾ ರೋಗ ಬಾರದ ಬಲವಾದ ಕುಟುಂಬದ ರಾಣಿಕೋಶ ಕೊಟ್ಟು ರಾಣಿಯನ್ನೇ ಬದಲಿಸಬಹುದು. ಎರಡಕ್ಕೂ ಅಪಾಯವಿದೆ: ಮೂರು ಎರಿ ಮುಚ್ಚುವಷ್ಟೂ ನೊಣವಿಲ್ಲದ ದುರ್ಬಲ ಕುಟುಂಬ ಈ ವಿರಾಮವನ್ನು ತಾಳದೆ ಸಾಯಬಹುದು. ಕಾಯಿಲೆ ಕಂಡ ಪೆಟ್ಟಿಗೆಯ ಎರಿಯನ್ನು ಬೇರೆಯದಕ್ಕೆ ಹಾಕಬಾರದು, ಅದನ್ನು ಮುಟ್ಟಿದ ಕೈ, ಚಾಕು ತೊಳೆಯದೆ ಇನ್ನೊಂದನ್ನು ತೆರೆಯಬಾರದು. ಮೊದಲ ಎರಡು ಪೆಟ್ಟಿಗೆಗಳ ಎರಿಗಳನ್ನು ಮೂರನೆಯದಕ್ಕೆ ಕೊಟ್ಟಿದ್ದಿರಾ ಎಂಬುದನ್ನು ನೆನಪಿಸಿಕೊಳ್ಳಿ.

ಇಷ್ಟಾದ ಮೇಲೆ ಊರ ಮಾತುಗಳು. ಮೂರಕ್ಕೂ ಕಣ್ಣಿಗೆ ಕಾಣುವ ಕಾರಣ ಇರುವಾಗ ಟವರಿನ ಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಅಮಾವಾಸ್ಯೆಗೆ ಜೇನು ತನ್ನ ತುಪ್ಪ ತಾನೇ ಕುಡಿದುಬಿಡುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ತುಪ್ಪ ಏರುವುದು ಇಳಿಯುವುದು ಹೂ ಮತ್ತು ಮಳೆಯ ಮೇಲೆ, ಚಂದ್ರನ ಮೇಲಲ್ಲ. ರೆಕ್ಕೆ ಕತ್ತರಿಸುವುದು ಕೆಟ್ಟ ಸಲಹೆ. ಹಸಿದ ಕುಟುಂಬ ಹೇಗೂ ಏಳುತ್ತದೆ, ಹಾರಲಾಗದ ರಾಣಿ ಪೆಟ್ಟಿಗೆಯ ಮುಂದೆ ನೆಲಕ್ಕೆ ಬಿದ್ದು ಇರುವೆಯ ಪಾಲಾಗುತ್ತದೆ, ಇದ್ದ ಕುಟುಂಬವೂ ಹೋಗುತ್ತದೆ. ಕೆಲಸಗಾರ ನೊಣ ಮಾತ್ರ ದಾಟುವಂತೆ ಬಾಗಿಲಿಗೆ ಹಾಕುವ ಕ್ವೀನ್ ಗೇಟನ್ನು ಹೊಸದಾಗಿ ತಂದ ಕುಟುಂಬಕ್ಕೆ ನಾಲ್ಕೈದು ದಿನ ಹಾಕಬಹುದು. ಅದಕ್ಕಿಂತ ಹೆಚ್ಚು ಇಟ್ಟರೆ ಗಂಡು ನೊಣ ಒಳಗೇ ಸಿಕ್ಕಿ ಸಾಯುತ್ತವೆ. ಕೂಡಿರದ ರಾಣಿಯಿದ್ದರೆ ಅದು ಹೊರಗೆ ಹೋಗಲಾಗದೆ ಕುಟುಂಬವೇ ಬಂಜೆಯಾಗುತ್ತದೆ.

ಈಗ ನೀವು ತಪ್ಪೆಂದು ಎಣಿಸದೆ ಬರೆದ ವಿಷಯ: ದಿನವೂ ಮುಚ್ಚಳ ತೆಗೆದದ್ದು. ಈ ನಷ್ಟಗಳಲ್ಲಿ ಇದರ ಪಾಲೂ ಇದ್ದಿರಬಹುದು. ಮರಿಗಳಿರುವ ಜಾಗವನ್ನು ನೊಣಗಳು ಸುಮಾರು 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳುತ್ತವೆ. ಮಲೆನಾಡಿನ ಬೆಳಗಿನ ಚಳಿಯಲ್ಲಿ ಹತ್ತು ನಿಮಿಷ ತೆರೆದರೆ ಅದನ್ನು ಮತ್ತೆ ಬಿಸಿ ಮಾಡಲು ಅವು ಕೂಡಿಟ್ಟ ತುಪ್ಪವನ್ನು ಉರಿಸಬೇಕು. ಎರಿಗಳನ್ನು ಎತ್ತಿ ಇಡುವಾಗ ಒಂದು ನೊಣ ನಜ್ಜಾದರೂ ಅದರ ವಿಷದ ವಾಸನೆಗೆ ಇಡೀ ಪೆಟ್ಟಿಗೆ ಕೆರಳುತ್ತದೆ. ಮಾರ್ಚ್‌ನಲ್ಲಿ ಕಚ್ಚಿದ್ದಕ್ಕೂ ಇದೇ ಕಾರಣವಾಗಿರಬಹುದು. ಹೀಗೆ ಪದೇ ಪದೇ ಕಲಕಿದ ಮನೆಯನ್ನು ತುಡುವೆ ಬಿಡುತ್ತದೆ. ಕೆಲಸದ ಒತ್ತಡದಲ್ಲಿರುವವರ ಪೆಟ್ಟಿಗೆ ನೋಡಿಕೊಳ್ಳುವವರಿಲ್ಲದೆ ಹಾಳಾಗುತ್ತದೆ. ನಿವೃತ್ತರ ಪೆಟ್ಟಿಗೆ ಹೆಚ್ಚು ನೋಡಿ ಹಾಳಾಗುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ.

ಹಾಗೆಂದು ಆ ಬೆಳಗಿನ ಹೊತ್ತನ್ನು ಬಿಡಬೇಡಿ. ಕುರ್ಚಿಯನ್ನು ಪೆಟ್ಟಿಗೆಯಿಂದ ಆರೇಳು ಅಡಿ ದೂರಕ್ಕೆ, ಹಾರುವ ದಾರಿಗೆ ಅಡ್ಡವಾಗದಂತೆ ಪಕ್ಕಕ್ಕೆ ಹಾಕಿಕೊಂಡು ಬಾಗಿಲನ್ನು ನೋಡಿ. ಒಳಗಿನ ಮುಕ್ಕಾಲು ಸುದ್ದಿ ಅಲ್ಲೇ ಗೊತ್ತಾಗುತ್ತದೆ. ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ನಿಮಿಷಕ್ಕೆ ಎಷ್ಟು ನೊಣ ಒಳಗೆ ಹೋಗುತ್ತವೆ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲೆಕ್ಕ ನಿಮಗೆ ಹೊಸದಲ್ಲ. ಪರಾಗ ಮರಿಗಳ ಊಟ. ಹತ್ತಿರದ ಪೆಟ್ಟಿಗೆಗೆ ಪರಾಗ ಬರುತ್ತಿದ್ದು, ಒಂದಕ್ಕೆ ಮಾತ್ರ ನಾಲ್ಕೈದು ದಿನದಿಂದ ಬರದಿದ್ದರೆ ಅಲ್ಲಿ ರಾಣಿ ಮೊಟ್ಟೆಯಿಡುತ್ತಿಲ್ಲ. ಆ ದಿನ ತೆರೆಯಿರಿ. ಬಾಗಿಲ ಮುಂದೆ ಬಿಳಿ ಮರಿಗಳು ಬಿದ್ದಿದ್ದರೆ ತೆರೆಯಿರಿ. ನೊಣಗಳು ಒಂದನ್ನೊಂದು ಕಚ್ಚಿ ಉರುಳಾಡುತ್ತಿದ್ದರೆ ದರೋಡೆ ನಡೆದಿದೆ. ತೆರೆಯದೆ ಬಾಗಿಲು ಕಿರಿದು ಮಾಡಿ. ಇಂಥದ್ದೇನೂ ಇಲ್ಲದಿದ್ದರೆ ಮಳೆಗಾಲದಲ್ಲಿ ಎಂಟು ದಿನಕ್ಕೊಮ್ಮೆ ಅಡಿಮಣೆಯನ್ನಷ್ಟೇ ಗುಡಿಸಿ. ಪಾಲಾಗುವ ಕಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿವರೆಗೆ, ವಾರಕ್ಕೊಮ್ಮೆ ಬಿಸಿಲೇರಿದ ಮೇಲೆ ರಾಣಿಕೋಶ ಹುಡುಕಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ, ಬೆಳಕು ಕಣ್ಣಿನ ತಳಕ್ಕೆ ಬೀಳುವಂತೆ ಎರಿಯನ್ನು ಹಿಡಿಯಿರಿ. ಓದುವ ಕನ್ನಡಕ ಹಾಕಿಕೊಳ್ಳದೆ ಈ ವಯಸ್ಸಿನಲ್ಲಿ ಮೊಟ್ಟೆ ಕಾಣುವುದಿಲ್ಲ. ಎಷ್ಟೋ ಜನ ಮೊಟ್ಟೆಯಿದ್ದರೂ ರಾಣಿಯಿಲ್ಲವೆಂದು ತಿಳಿದು ಕೆಡಿಸಿಕೊಂಡಿದ್ದಾರೆ.

ಜಾಗವನ್ನೂ ಬದಲಿಸಿ. ಬಚ್ಚಲ ಒಲೆಯ ಹೊಗೆ ದಿನವೂ ಹಾಯುವ ಕಡೆ ಜೇನು ನೆಮ್ಮದಿಯಿಂದ ಇರುವುದಿಲ್ಲ, ಕಟ್ಟೆಯ ಮೇಲಿಟ್ಟರೆ ಇರುವೆಗೆ ತಡೆಯಿಲ್ಲ. ಎರಡು ಎರಡೂವರೆ ಅಡಿ ಎತ್ತರದ ಸ್ಟ್ಯಾಂಡು, ಕಾಲಿಗೆ ನೀರಿನ ಬಟ್ಟಲು, ಬೆಳಗಿನ ಬಿಸಿಲು ಮಧ್ಯಾಹ್ನದ ನೆರಳು, ಬಾಗಿಲು ಪೂರ್ವಕ್ಕೆ, ಮಳೆನೀರು ಒಳಗೆ ನಿಲ್ಲದಂತೆ ಮುಂದಕ್ಕೆ ತುಸು ಇಳಿಜಾರು. ರಾತ್ರಿ ಉರಿಯುವ ದೀಪದ ಎದುರು ಬೇಡ.

ಮತ್ತೆ ತರಬೇಕೇ ಎಂದರೆ, ವೈದ್ಯರು ನಿಮ್ಮ ಮನೆಯವರ ಬಗ್ಗೆ ಏನು ಹೇಳುತ್ತಾರೆ ಎಂಬುದರ ಮೇಲಿದೆ. ಮನೆಯ ಹತ್ತಿರ ಬೇಡವೆಂದರೆ ತೋಟದ ಆಚೆ ತುದಿಗೆ ಇಡಬಹುದು, ಆದರೆ ತೋಟಕ್ಕೆ ಅವರೂ ಹೋಗುವವರಾದರೆ ಅಪಾಯ ಉಳಿದೇ ಇರುತ್ತದೆ. ಅಂಥ ಸಂದರ್ಭದಲ್ಲಿ ನಾನು ಮಿಸರಿ ಜೇನನ್ನು ಹೇಳುತ್ತೇನೆ, ಕರಾವಳಿಯಲ್ಲಿ ಮುಜಂಟಿ ಎನ್ನುವುದು. ಅದಕ್ಕೆ ಚುಚ್ಚುವ ಮುಳ್ಳಿಲ್ಲ, ಕೆರಳಿದರೆ ಕೂದಲಿಗೆ ಸಿಕ್ಕಿ ಕಚ್ಚುತ್ತದೆ ಅಷ್ಟೆ. ತುಡುವೆಯಂತೆ ಓಡಿಹೋಗುವುದೂ ಅಪರೂಪ. ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ ತುಪ್ಪ, ಕುಟುಂಬ ಬೆಳೆಯುವುದು ನಿಧಾನ, ಗೋಡೆಯ ಸಂದಿನಿಂದ ಅವಸರದಲ್ಲಿ ಕಿತ್ತು ತೆಗೆದರೆ ಸತ್ತೇ ಹೋಗುತ್ತದೆ. ಬಾಗಿಲ ಮುಂದೆ ಕೂತು ನೋಡುವ ಸುಖಕ್ಕೆ ಮಾತ್ರ ಏನೂ ಕೊರತೆಯಿಲ್ಲ. ಹೆಚ್ಚು ತುಪ್ಪದ ಆಸೆ ತೋರಿಸಿ ಯಾರಾದರೂ ಯುರೋಪಿನ ಜೇನು ಕೊಡಲು ಬಂದರೆ ಒಪ್ಪಬೇಡಿ. ಹೂ ಹುಡುಕಿಕೊಂಡು ಪೆಟ್ಟಿಗೆ ಹೊತ್ತು ಊರೂರು ಸಾಗಿಸುವವರಿಗೆ ಅದು ಸರಿ, ನಿಮ್ಮ ಕಡೆಯ ಮಳೆಗೆ ಮತ್ತು ನಿಮ್ಮ ಬೆನ್ನಿಗೆ ಅಲ್ಲ.

ವೈದ್ಯರು ಒಪ್ಪಿದರೆ ತುಡುವೆಯನ್ನೇ ತನ್ನಿ, ಆದರೆ ಈಗ ಬೇಡ. ಮಳೆಗಾಲದ ಬಾಯಲ್ಲಿ ಮಾರುವ ಕುಟುಂಬ ಸಾಮಾನ್ಯವಾಗಿ ಮಾರುವವರಿಗೇ ಬೇಡವಾದದ್ದು. ಈ ನಾಲ್ಕು ತಿಂಗಳಲ್ಲಿ ಮೂರೂ ಪೆಟ್ಟಿಗೆಗಳ ಮೇಣ ಕೆರೆದು, ವಾಷಿಂಗ್ ಸೋಡಾ ಹಾಕಿದ ಕುದಿನೀರಿನಲ್ಲಿ ಉಜ್ಜಿ, ಬಿಸಿಲು ಬಿದ್ದಾಗಲೆಲ್ಲ ಒಣಗಿಸಿ, ಒಳಗೋಡೆಗೆ ಬ್ಲೋಲ್ಯಾಂಪಿನ ಉರಿ ಹಾಯಿಸಿ ಇಡಿ. ಏಪ್ರಿಲ್‌ನ ಪೆಟ್ಟಿಗೆಯ ಎರಿಗಳನ್ನು ಸುಟ್ಟುಬಿಡಿ. ದೀಪಾವಳಿ ಕಳೆದ ಮೇಲೆ ನಿಮ್ಮದೇ ತಾಲೂಕಿನ ಜೇನುಗಾರರಲ್ಲಿ ಎರಡು ಕುಟುಂಬ ನೋಡಿ. ದುಡ್ಡು ಕೊಡುವ ಮೊದಲು ನಡುವಿನ ಎರಿ ಎತ್ತಿಸಿ: ಕಣ್ಣಿಗೊಂದೇ ಮೊಟ್ಟೆ ಇರಬೇಕು, ಮುಚ್ಚಿದ ಮರಿಗಳು ಒತ್ತೊತ್ತಾಗಿ ತೂತಿಲ್ಲದೆ ಇರಬೇಕು, ಕನಿಷ್ಠ ನಾಲ್ಕು ಎರಿಯ ಎರಡೂ ಬದಿ ನೊಣ ಮುಚ್ಚಿರಬೇಕು. ಗಂಡು ನೊಣದ ಕಣ್ಣುಗಳ ಉಬ್ಬಿದ ಮುಚ್ಚಳಕ್ಕೆ ನಡುವೆ ಸಣ್ಣ ತೂತು ಇರುವುದು ತುಡುವೆಯಲ್ಲಿ ಸಹಜ, ಅದನ್ನು ರೋಗವೆಂದು ತಿಳಿಯಬೇಡಿ. ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ, ಎರಿಗಳು ಅಲುಗದಂತೆ ಬಿಗಿದು, ರಾತ್ರಿಯೇ ತಂದು ಹೊಸ ಜಾಗದಲ್ಲಿಡಿ. ಮರುದಿನ ಸಂಜೆ ಒಂದು ಗರಟೆ ಪಾಕ ಕೊಡಿ. ಆಮೇಲೆ ಒಂದು ವಾರ ಮುಚ್ಚಳ ಮುಟ್ಟಬೇಡಿ.